ಗಿರಣಿಯ ಪ್ಲಗ್ಗಿಗೆ ಹಚ್ಚಿದ ಕಾರು

ಎಲೆಕ್ಟ್ರಿಕ್ ಕಾರು ಚಾರ್ಜ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಈಗ ಯಾರಾದರೂ ಕೇಳಿದರೆ ನಾನು ಮಾತು ಬದಲಿಸುತ್ತೇನೆ. ಮೊದಲು ಹಾಗಿರಲಿಲ್ಲ. ಕೇಳದವರಿಗೂ ಹೇಳುತ್ತಿದ್ದೆ, ಅದೂ ಸುಳ್ಳು ಹೇಳುತ್ತಿದ್ದೆ.

ಕಾರು ನನ್ನದಲ್ಲ. ನನ್ನ ಮಗಳು ಭಾಲ್ಕಿಯ ಒಂದು ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಅಲ್ಲಿಯೇ ಶಾಲಾ ಮಾಸ್ತರ. ಇಬ್ಬರೂ ಸೇರಿ ಕೊಂಡ ಗಾಡಿ ಅದು. ನಾನು ಬೀದರದವನು. ಹೈಸ್ಕೂಲು ಮುಗಿಸಿದ ಮೇಲೆ ಬಸ್ಸಿನ ಡ್ರೈವರ್ ಆಗಿ ಸೇರಿ, ಬೀದರ–ಔರಾದ ರಸ್ತೆಯಲ್ಲೇ ಆಯುಷ್ಯ ಸವೆಸಿದವನು. ಗೇರು ಬದಲಿಸಿ ಬದಲಿಸಿ ಎಡಗೈ ಭುಜ ಈಗಲೂ ನೋಯುತ್ತದೆ. ಅಂಥವನಿಗೆ ಗೇರಿಲ್ಲದ, ಸದ್ದಿಲ್ಲದ ಗಾಡಿ ಕೈಗೆ ಸಿಕ್ಕರೆ ಏನಾಗಬೇಡ? ವಾರ ವಾರ ಏನಾದರೊಂದು ನೆಪ ಹೇಳಿ ಭಾಲ್ಕಿಗೆ ಹೋಗುತ್ತಿದ್ದೆ. ಮೊಮ್ಮಗಳನ್ನು ನೋಡಲು ಬರುತ್ತಾನೆ ಎಂದು ಮಗಳು ತಿಳಿದಿದ್ದಳು. ನಾನು ನೋಡುತ್ತಿದ್ದುದು ಕಾರನ್ನು.

ನಾನು ಹೇಳಬೇಕಾದ್ದು ನನ್ನ ಕಂಡಕ್ಟರನ ಮನೆಯ ವಿಷಯ. ನೌಕರಿಯ ಬಹುಪಾಲು ವರ್ಷ ಒಂದೇ ಬಸ್ಸಿನಲ್ಲಿ ನಾನು ಮುಂದೆ, ಅವನು ಹಿಂದೆ. ಅವನ ಊರು ಎಕಂಬಾ ಎಂದಿಟ್ಟುಕೊಳ್ಳಿ. ನಿಜವಾದ ಊರು ಬೇರೆ. ಯಾಕೆ ಮರೆಮಾಡಿದೆ ಎಂಬುದು ಮುಂದೆ ತಿಳಿಯುತ್ತದೆ. ವಸ್ತಿ ಬಸ್ಸಿನ ದಿನ ರಾತ್ರಿ ಔರಾದದಲ್ಲೇ ಮಲಗುತ್ತಿದ್ದೆವು. ಬೆಳಗಾದರೆ ಅವನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳುವನು, ನಾನು ಮುಂದೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಯೇಸುವಿಗೆ ಪ್ರಾರ್ಥನೆ ಮಾಡುವೆನು. ಅವನದು ಮುಗಿಯುವತನಕ ನಾನು, ನನ್ನದು ಮುಗಿಯುವತನಕ ಅವನು, ಚಹಾ ಕುಡಿಯುತ್ತಿರಲಿಲ್ಲ. ನಿವೃತ್ತನಾದ ಮೇಲೆ ಅವನು ಮನೆಗೆ ಹತ್ತಿಸಿ ಒಂದು ಕೋಣೆ ಕಟ್ಟಿ ಹಿಟ್ಟಿನ ಗಿರಣಿ ಹಾಕಿದ. ಮಕ್ಕಳಿರಲಿಲ್ಲ. ಗಂಡ ಹೆಂಡತಿ ಇಬ್ಬರೇ.

ಅವನು ತೀರಿಕೊಂಡ ಸುದ್ದಿ ಬಂದಾಗ ನಾನು ಭಾಲ್ಕಿಯಲ್ಲಿದ್ದೆ. ಹೊಸ ಕಾರಿಗೆ ಪ್ರಾರ್ಥನೆ ಮಾಡಲು ಪಾಸ್ಟರ್ ಬಂದಿದ್ದರು. ಫೋನು ಕೆಳಗಿಟ್ಟು ಕಾರಿನ ಪಕ್ಕದಲ್ಲಿ ಹೋಗಿ ನಿಂತೆ. ಮಣ್ಣಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ನಮ್ಮ ಕಡೆ ಸತ್ತವರ ಮನೆಗೆ ಹೋಗಿ ಕೂತು ಬರುವುದಕ್ಕೆ ಮಾತಾಡಿಸಿ ಬರುವುದು ಎನ್ನುತ್ತಾರೆ. ಯಾವ ಜಾತಿಯವರಾಗಲಿ, ಮಣ್ಣಿಗೆ ಹೋಗದವರು ಮಾತಾಡಿಸುವುದಕ್ಕಾದರೂ ಹೋಗಲೇಬೇಕು. ಅದನ್ನೂ ಈ ವಾರ, ಮುಂದಿನ ವಾರ ಎಂದು ಮುಂದೂಡಿದೆ.

ಹೀಗಿರುವಾಗ ಒಂದು ದಿನ ಅಳಿಯನಿಗೆ ರಜೆ. ಔರಾದಕ್ಕೆ ಹೋಗಿ ಹಳೆಯ ಗೆಳೆಯರನ್ನು ನೋಡಿ ಬರುತ್ತೇನೆ ಎಂದು ಕಾರು ಕೇಳಿದೆ.

“ಔರಾದಕ್ಕ ಹೋಗಿ ತಿರುಗಿ ಬರ್ಲಿಕ್ಕಿ ಸಾಕಾಗ್ತದ್ರಿ ಮಾವಾ. ಪೂರಾ ಚಾರ್ಜ್ ಇಲ್ಲ. ಬ್ಯಾರೆ ಎಲ್ಲೂ ತಿರುಗಬ್ಯಾಡ್ರಿ,” ಅಂದ.

“ಬಸ್ ಹೊಡದಾಂವ ನಾ. ನನಗ ಹೇಳ್ತೀಯೇನು?” ಅಂದೆ.

ಔರಾದ ಬಸ್ ಸ್ಟ್ಯಾಂಡಿನ ಎದುರು ಕಾರು ನಿಲ್ಲಿಸಿ, ಅವಶ್ಯವಿಲ್ಲದಿದ್ದರೂ ಎರಡು ಸಲ ಹಾರ್ನ್ ಹೊಡೆದೆ. ಚಹಾದಂಗಡಿಯಲ್ಲಿ ಕೂತಿದ್ದ ನಿವೃತ್ತರೆಲ್ಲ ಎದ್ದು ಬಂದರು. ನನ್ನ ವಾರಿಗೆಯ ಒಬ್ಬ ಡ್ರೈವರ್, ಡಾಬಕಾದವನು, ಕಾರಿನ ಸುತ್ತ ಒಂದು ಸುತ್ತು ಬಂದು ಬಾನೆಟ್ ಮೇಲೆ ಕೈಯಿಟ್ಟ.

“ಇದರ ಬಾಯಿ ಎಲ್ಲದನೋ? ಎಣ್ಣಿ ಎಲ್ಲಿ ಹಾಕ್ತಿ?”

“ಎಣ್ಣಿ ಕುಡ್ಯಂಗಿಲ್ಲಿದು. ಕರೆಂಟ್ ಕುಡೀತದ.”

“ಹಂಗಾದ್ರ ನಮ್ಮೂರಾಗ ಉಪಾಸ ಸಾಯ್ತದ ತಗೋ!” ಎಲ್ಲರೂ ನಕ್ಕರು. “ಖರೇ ಹೇಳು, ಚಾರ್ಜ್ ಆಗ್ಲಕ್ಕ ಎಷ್ಟೊತ್ತು ಹಿಡೀತದ?”

ಎಷ್ಟು ಹೊತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಅಳಿಯ ರಾತ್ರಿ ಮಲಗುವಾಗ ಹಚ್ಚುತ್ತಿದ್ದ, ಬೆಳಿಗ್ಗೆ ಎದ್ದು ತೆಗೆಯುತ್ತಿದ್ದ, ಅಷ್ಟನ್ನೇ ನೋಡಿದ್ದೆ. ಆದರೂ ಅಂದೆ: “ಒಂದ್ ಚಾ ಕುಡಿಯೋದ್ರಾಗ ಆಗ್ತದ.”

ಆ ಮಾತನ್ನು ಹೇಳಿದವನಿಗೆ ಆಮೇಲೆ ಚಾರ್ಜ್ ಉಳಿಸಿಕೊಂಡು ಓಡಿಸಲು ಆಗುತ್ತದೆಯೇ? ಡಾಬಕಾದವನನ್ನು ಕೂಡಿಸಿಕೊಂಡು, ಏಸಿ ಪೂರ್ತಿ ಹಚ್ಚಿ, ಅವನ ಊರಿಗೇ ಬಿಟ್ಟುಬರಲು ಹೊರಟೆ. ಅವನ ಓಣಿಯ ಜನರಿಗೆ ತೋರಿಸಲು ಅಲ್ಲಿಯೂ ಎರಡು ಸುತ್ತು ಹೊಡೆದೆ. ತಿರುಗಿ ಬರುವಾಗ ಕಾರಿನ ಮುಂದಿನ ಪರದೆಯಲ್ಲಿ ಅಂಕಿ ಕೆಂಪಾಯಿತು. ಅಳಿಯನಿಗೆ ಫೋನ್ ಹಚ್ಚಿದೆ. ಭಾಲ್ಕಿಗೆ ಮುಟ್ಟುವುದಿಲ್ಲ, ಬೀದರಕ್ಕೂ ಮುಟ್ಟುವುದಿಲ್ಲ ಎಂದ.

“ಯಾರದರ ಮನ್ಯಾಗ ದೊಡ್ಡ ಪ್ಲಗ್ ಇದ್ರ ಹಚ್ಚ್ರಿ. ಅರ್ಥಿಂಗ್ ಬರಾಬರಿ ಇರ್ಬೇಕು. ಡಿಕ್ಯಾಗ ವಾಯರ್ ಅದ.”

“ಎಷ್ಟೊತ್ತು ಹಚ್ಚಬೇಕು?”

“ಭಾಲ್ಕಿತನಕಾ ಬರೋದಿದ್ರ ಸಂಜಿತನಕಾ ಹಚ್ಚಬೇಕಾಗ್ತದ್ರಿ.”

“ಸಂಜಿತನಕಾ? ಒಂದ್ ತಾಸಿನಾಗ ಆಗಂಗಿಲ್ಲಾ?”

“ಮಾವಾ, ಮನಿ ಪ್ಲಗ್ಗಿನಾಗ ಹನಿ ಹನಿ ಹೋಗ್ತದರಿ. ಡೀಸೆಲ್ ಹಾಕಿದಂಗಲ್ಲ.”

ರಸ್ತೆಯ ಬದಿಗೆ ನಿಂತು ಯೋಚಿಸಿದೆ. ದೊಡ್ಡ ಪ್ಲಗ್ಗು, ಗಟ್ಟಿ ವೈರಿಂಗು, ಸರಿಯಾದ ಅರ್ಥಿಂಗು ಯಾರ ಮನೆಯಲ್ಲಿದೆ? ಗಿರಣಿಯಲ್ಲಿರುತ್ತದೆ. ಎಕಂಬಾ ದೂರವಿರಲಿಲ್ಲ. ಹೀಗೆ, ಅವನು ಸತ್ತ ಮೇಲೆ ನನ್ನ ಕಂಡಕ್ಟರ್ ಮೊದಲ ಸಲ ನನಗೆ ಬೇಕಾದದ್ದು ಅವನ ಪ್ಲಗ್ಗಿಗಾಗಿ.

ಗಿರಣಿಗೆ ಬೀಗವಿತ್ತು. ಕಾರನ್ನು ಬಾಗಿಲ ಹತ್ತಿರವೇ ಒತ್ತಿ ನಿಲ್ಲಿಸಿ, ಡಿಕ್ಕಿಯಿಂದ ವೈರು ತೆಗೆದುಕೊಂಡು ತಿರುಗುವಷ್ಟರಲ್ಲಿ ಅವನ ಹೆಂಡತಿ ಸೆರಗು ಹೊದ್ದುಕೊಂಡು ಹೊರಗೆ ಬಂದಿದ್ದಳು. ನನ್ನನ್ನು ನೋಡಿದವಳೇ ಬಂದು ಕೈ ಹಿಡಿದುಕೊಂಡಳು. ಹಿಡಿದದ್ದು ಒಂದು ಕೈ. ಇನ್ನೊಂದು ಕೈಯನ್ನು ವೈರಿನ ಸುರುಳಿಯ ಜೊತೆ ಬೆನ್ನ ಹಿಂದೆ ಇಟ್ಟುಕೊಂಡೆ.

“ಬಂದ್ರ್ಯಾ ಅಣ್ಣಾ,” ಎಂದು ಅತ್ತಳು. “ಎಲ್ಲಾರೂ ಬಂದು ಹೋದ್ರು. ನೀವ್ ಬರ್ತೀರಿ ಅಂತ ನಾ ದಾರಿ ನೋಡ್ಲತಿದ್ದೆ.”

“ಮಾತಾಡಸ್ಲಕ್ಕ ಬಂದೆ ತಂಗಿ,” ಅಂದೆ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅವಳ ಅಳು ಸ್ವಲ್ಪ ನಿಂತ ಮೇಲೆ, “ಹೆಂಗೂ ಕುಂದರ್ತೀನಿ. ಅಷ್ಟೊತ್ತು ಗಾಡಿಗಿ ಜರಾ ಕರೆಂಟ್ ಹಚ್ಚಲೇನು?” ಎಂದೆ.

“ಕೇಳೋದೇನದರಿ? ನಿಮ್ಮದೇ ಗಿರಣಿ.” ಸೊಂಟದ ಕೀಲಿ ತೆಗೆದಳು. “ಅವರು ಹೋದ ಮ್ಯಾಲ ಇದರ ಬಾಗಲಾ ತಗದಿಲ್ರಿ. ನನಗ ಧೈರ್ಯ ಆಗಿಲ್ಲ. ನೀವಿದ್ದೀರಂತ ತೆಗಿತೀನಿ.”

ಬಾಗಿಲು ತೆರೆದಾಗ ಹಳೆಯ ಹಿಟ್ಟಿನ ವಾಸನೆ ಬಂತು. ಗೂಟಕ್ಕೆ ಅವನ ಅಂಗಿ ನೇತಾಡುತ್ತಿತ್ತು, ಭುಜದ ಮೇಲೆ ಬಿಳಿ ಧೂಳು. ಅವಳು ಹೊಸ್ತಿಲಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಪ್ಲಗ್ಗು ಹುಡುಕುತ್ತಿದ್ದೆ.

ಆಮೇಲೆ ಪಡಸಾಲೆಯಲ್ಲಿ ಕೂತೆವು. ಅವಳು ಅವನ ಕಡೆಯ ದಿನಗಳ ಮಾತು ಹೇಳತೊಡಗಿದಳು. ದಮ್ಮು ಹತ್ತಿದ್ದು, ರಾತ್ರಿಯೆಲ್ಲ ಕೂತೇ ಇರುತ್ತಿದ್ದುದು, ಊಟ ಬಿಟ್ಟದ್ದು. ನಾನು ಹೂಂ ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೊಮ್ಮೆ ತಡೆಯಲಾಗದೆ ಎದ್ದು ಹೊರಗೆ ಹೋಗಿ ಕಾರಿನ ಕಿಟಕಿಗೆ ಮುಖ ಹಚ್ಚಿ ಅಂಕಿ ನೋಡುತ್ತಿದ್ದೆ. ಅದು ಅಲ್ಲಾಡುತ್ತಲೇ ಇರಲಿಲ್ಲ. ಒಮ್ಮೆ ಏರಿದ್ದು ಒಂದೇ ಒಂದು. ಮೂರನೆಯ ಸಲವೋ ನಾಲ್ಕನೆಯ ಸಲವೋ ಒಳಗೆ ಬಂದಾಗ ಅವಳು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ನನ್ನ ಮುಂದ ಅಳಬಾರ್ದಂತ ಹೊರಗ ಹೋಗ್ಲತ್ತೀರಿ. ನನಗ ತಿಳೀತದ್ರಿ ಅಣ್ಣಾ. ಮಾರಿ ತೊಳ್ಕೋರಿ.”

ಆ ನೀರು ತೆಗೆದುಕೊಂಡು, ಒಣಗಿದ ಮುಖವನ್ನು ತೊಳೆದುಕೊಂಡೆ. ಅವಳು ಕೊಟ್ಟ ಪಂಚೆಯಿಂದ ಒರೆಸಿಯೂ ಒರೆಸಿದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಮಧ್ಯಾಹ್ನ ರೊಟ್ಟಿ ಬಡಿದಳು. ಪುಂಡಿ ಪಲ್ಯ, ಶೇಂಗಾದ ಹಿಂಡಿ. ನಾನು ಉಣ್ಣುವಾಗ ಎದುರಿಗೆ ಕೂತು, ಇಷ್ಟು ದಿನ ಯಾರನ್ನೂ ಕೇಳದ್ದನ್ನು ಕೇಳಿದಳು.

“ಗಿರಣಿ ಮಾರು ಅಂತ ನಮ್ಮ ಮೈದುನ ಹಗಲೆಲ್ಲಾ ಅಂತಾನ. ಇವತ್ತ ಔರಾದದಿಂದ ಮಂದಿ ಕರ್ಕೊಂಡು ಬರ್ತಾನಂತ. ಅವನದೇನ್ ತಪ್ಪಿಲ್ಲ. ಮೋಟರಿನ ಪಟ್ಟಾದಾಗ ಸೆರಗ ಸಿಕ್ಕೀತು ಅಂತ ಅಂಜ್ತಾನ. ಆದ್ರ ಇವರು ಏನೂ ಹೇಳದಾಂಗ ಹೋದ್ರಲ್ರೀ. ಇಟ್ಕೋ ಅಂದಿದ್ರ ಇಟ್ಕೊಂತಿದ್ದೆ, ಮಾರು ಅಂದಿದ್ರ ಮಾರ್ತಿದ್ದೆ. ಅವರ ಮನಸಿನಾಗ ಏನಿತ್ತೋ ತಿಳೀಲಿಲ್ಲಂತ ರಾತ್ರಿ ನಿದ್ದಿ ಬರಂಗಿಲ್ಲ. ನಿಮ್ಮ ಮುಂದರ ಏನರ ಅಂದಿದ್ರಾ?”

“ನೆನಸ್ಕೊಂಡು ಹೇಳ್ತೀನಿ,” ಎಂದು ರೊಟ್ಟಿ ಮುರಿದೆ.

ಊಟವಾಗಿ ಸ್ವಲ್ಪ ಹೊತ್ತಿಗೆ ಮೈದುನ ಬಂದ. ಅವನು ಔರಾದದ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಸೌಮ್ಯ ಮನುಷ್ಯ. ಹಿಂದೆಯೇ ಒಂದು ಟೆಂಪೊ, ಅದರಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದ ಇಬ್ಬರು. ಅವರು ನೇರ ಗಿರಣಿಯೊಳಗೆ ಹೋಗಿ ಮೋಟರು, ಕಲ್ಲು ನೋಡಿ ಬಂದರು.

“ಮಾಲ್ ಛಲೋ ಅದ. ಈಗೇ ಬಿಚ್ಚತೇವಿ,” ಅಂದ ಒಬ್ಬ. “ಮೊದಲ ಮೇನ್ ಬಂದ್ ಮಾಡ್ರಿ. ಆ ಗಾಡಿ ಯಾರದು? ಅದರ ವಾಯರ್ ತಗೀರಿ.”

ಆಗಷ್ಟೇ ನೋಡಿ ಬಂದಿದ್ದೆ. ಬೇಕಾದುದರ ಅರ್ಧವೂ ತುಂಬಿರಲಿಲ್ಲ. ಮೇನ್ ಬಂದ್ ಆದರೆ ರಾತ್ರಿ ಆ ಊರಲ್ಲೇ. ಮಾರನೆಯ ದಿನ ಅಳಿಯ ಬಂದು ನಗಬೇಕು, ಬಸ್ ಸ್ಟ್ಯಾಂಡಿನವರಿಗೆ ಸುದ್ದಿ ಮುಟ್ಟಿ ಅವರೂ ನಗಬೇಕು.

“ಜರಾ ನಿಲ್ಲ್ರಿ,” ಅಂದೆ.

“ಯಾಕ್ರಿ ಡ್ರೈವರ್ ಸಾಬ್?” ಅಂದ ಮೈದುನ.

ಕಾರು ಚಾರ್ಜ್ ಆಗಬೇಕು ಎಂದರೆ ಮುಗಿಯುತ್ತಿತ್ತು. ಅವರೂ ಚಹಾ ಕುಡಿಯುತ್ತ ಕಾಯುತ್ತಿದ್ದರೇನೋ. ಆದರೆ ಮಾತಾಡಿಸಲು ಬಂದವನು ಹಾಗೆ ಹೇಗೆ ಹೇಳಲಿ? ಅವಳು ಪಕ್ಕದಲ್ಲೇ ನಿಂತು ನನ್ನ ಬಾಯಿ ನೋಡುತ್ತಿದ್ದಳು.

“ಗಿರಣಿ ಮಾರಬ್ಯಾಡ ಅಂದಿದ್ದ ನಿಮ್ಮಣ್ಣ,” ಅಂದೆ. “ಕಡೀ ಸಲ ಫೋನ್ ಮಾಡಿದಾಗ ನನ್ನ ಮುಂದ ಅಂದಿದ್ದ. ‘ನಾ ಹೋದ್ರೂ ಗಿರಣಿ ನಿಲ್ಲಬಾರದು, ಆಕಿ ನಡಸ್ತಾಳ’ ಅಂದಿದ್ದ.”

ಅವಳು ನೆಲಕ್ಕೆ ಕುಸಿದು ಕೂತಳು.

“ಹೌದು. ಫೋನ್ ಹಚ್ಚಿದ್ರು,” ಎಂದಳು, ಯಾರಿಗೋ ಅಲ್ಲ, ತನಗೇ. “ಮಂಚದ ಮ್ಯಾಲ ಕುಂತು ನಿಮಗ ಹಚ್ಚಿದ್ದು ನಾ ನೋಡೀನಿ. ಏನ್ ಮಾತಾಡಿದ್ರಿ ಅಂದ್ರ ಹೇಳಿದ್ದಿಲ್ಲ.”

ಫೋನು ಬಂದದ್ದು ಸುಳ್ಳಲ್ಲ. ಒಂದಲ್ಲ, ಹಲವು ಸಲ ಬಂದಿತ್ತು. ನಾನು ಎತ್ತಿರಲಿಲ್ಲ. ಎತ್ತಿದರೆ ಬೀದರದ ಆಸ್ಪತ್ರೆಗೆ ಬರುತ್ತೇನೆ, ಜೊತೆಗಿರು ಎನ್ನುತ್ತಾನೆ. ಆಸ್ಪತ್ರೆಯಲ್ಲಿ ಕೂರುವುದು ಯಾರಿಗೆ ಬೇಕು ಎಂದು ಪರದೆಯ ಮೇಲೆ ಅವನ ಹೆಸರು ನೋಡುತ್ತ ಕೂತಿದ್ದೆ, ಅದು ತಾನಾಗಿಯೇ ನಿಲ್ಲುವತನಕ. ಎತ್ತದ ಆ ಫೋನಿನೊಳಗೆ ಈಗ ನನಗೆ ಬೇಕಾದ ಮಾತನ್ನು ತುಂಬಿದೆ.

ಟೆಂಪೊ ಖಾಲಿ ಹೋಯಿತು. ಮೈದುನ ತಲೆ ಕೆರೆದುಕೊಂಡು, “ಅಣ್ಣ ಅಂದಿದ್ದ ಅಂದ ಮ್ಯಾಲ ಮುಗೀತು” ಎಂದು ಬೈಕ್ ಹತ್ತಿದ. ಕಾರು ಸಂಜೆಯವರೆಗೆ ನಿರಾತಂಕವಾಗಿ ಚಾರ್ಜ್ ಆಯಿತು. ಹೊರಡುವಾಗ ಅವಳು, “ಬಂದವರೆಲ್ಲಾ ಒಂದ್ ಗಳಿಗಿ ಕುಂತು ಎದ್ದ್ರು. ನೀವ್ ಮುಂಜಾನಿಂದ ಕುಂತ್ರಿ. ಒಡಹುಟ್ಟಿದಾಂವ ಬಂದಂಗಾಯ್ತು,” ಅಂದಳು. ಸತ್ತವರ ಮನೆಯಿಂದ ಏಳುವಾಗ ಹೋಗಿ ಬರುತ್ತೇನೆ ಎನ್ನಬಾರದು ಎಂಬ ಪದ್ಧತಿ ನನಗೆ ಅಂದು ಬಹಳ ಅನುಕೂಲವಾಯಿತು.

ಮೂರು ತಿಂಗಳು ಕಳೆದವು. ಅವಳು ಗಿರಣಿ ಶುರು ಮಾಡಿದ ಸುದ್ದಿ ಭಾಲ್ಕಿಗೆ ಮುಟ್ಟಿತು. ಮಗಳ ಆಸ್ಪತ್ರೆಗೆ ಆ ಕಡೆಯ ಊರುಗಳ ಜನ ಬರುತ್ತಾರೆ. ಡ್ರೈವರಣ್ಣ ಇಡೀ ದಿನ ಕೂತು ದುಃಖ ಹಂಚಿಕೊಂಡ, ನಮ್ಮವರ ಕಡೆಯ ಮಾತನ್ನು ಮುಟ್ಟಿಸಿ ಹೋದ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳಂತೆ. ಮಗಳು ಅದನ್ನು ಕೇಳಿ ಬಂದು ನನ್ನ ಕೈ ಹಿಡಿದು, “ಅಪ್ಪಾ, ನೀ ಕಾರಿನ ಹುಚ್ಚಿಗಿ ಹೋಗಿದ್ದೆ ಅಂತ ನಾ ತಿಳ್ದಿದ್ದೆ ನೋಡು” ಎಂದಳು. ಅಷ್ಟಕ್ಕೆ ಬಿಡದೆ ಪಾಸ್ಟರಿಗೂ ಹೇಳಿದಳು. ಅವರು ಒಂದು ಭಾನುವಾರ, ಅಳುವವರ ಸಂಗಡ ಕೂರುವುದು ಎಂದರೇನು ಎಂದು ಬೋಧಿಸುತ್ತ, ನಮ್ಮ ನಡುವೆಯೇ ಅಂಥ ಹಿರಿಯರೊಬ್ಬರಿದ್ದಾರೆ ಎಂದು ನನ್ನ ಕಡೆ ನೋಡಿದರು. ಜನ ತಿರುಗಿ ನೋಡಿದರು. ನಾನು ಕೀರ್ತನೆ ಪುಸ್ತಕದಲ್ಲಿ ಮುಖ ಹುದುಗಿಸಿದೆ. ವಿನಯ ಎಂದುಕೊಂಡರು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಎಕಂಬಾಕ್ಕೆ ಹೋದೆ. ಕಾರು ಕೇಳಲಿಲ್ಲ.

ಗಿರಣಿ ನಡೆಯುತ್ತಿತ್ತು. ಅವಳು ಸೆರಗು ಬಿಗಿದು ಸೊಂಟಕ್ಕೆ ಕಟ್ಟಿ, ರೆಪ್ಪೆಯತನಕ ಹಿಟ್ಟಾಗಿ, ಡಬ್ಬಿಯಿಂದ ಜೋಳ ಸುರಿಯುತ್ತಿದ್ದಳು. ಕೆಮ್ಮುತ್ತಿದ್ದಳು. ನನ್ನನ್ನು ಕಂಡು ಮೋಟರು ನಿಲ್ಲಿಸಿ ನಕ್ಕಳು. “ಬರ್ರಿ ಅಣ್ಣಾ, ಗಾಡಿ ಎಲ್ಲದ?”

ಒಳಗೆ ಕೂಡುವ ಮೊದಲೇ ಹೇಳಿಬಿಟ್ಟೆ. ಮಾತಾಡಿಸಲು ಬಂದಿರಲಿಲ್ಲ ತಂಗಿ, ಕಾರಿಗೆ ಕರೆಂಟ್ ಬೇಕಿತ್ತು. ಹೊರಗೆ ಹೋಗುತ್ತಿದ್ದುದು ಅಳಲಿಕ್ಕಲ್ಲ. ಮೇನ್ ಬಂದ್ ಮಾಡುತ್ತಾರೆಂದು ಆ ಮಾತು ಹುಟ್ಟಿಸಿದೆ.

ಅವಳ ಮುಖದ ಮೇಲೆ ನಗು ಇನ್ನೂ ಹಾಗೆಯೇ ಇತ್ತು, ತೆಗೆಯಲು ಮರೆತಂತೆ.

“ಮತ್ತ ಫೋನಿನಾಗ ಏನ್ ಅಂದಿದ್ರು?”

“ನಾ ಎತ್ತಿಲ್ಲ ತಂಗಿ.”

“ಒಂದ್ ಸಲನೂ?”

“ಒಂದ್ ಸಲನೂ ಎತ್ತಿಲ್ಲ.”

ಅವಳು ಗಿರಣಿಯ ಬಾಗಿಲಿಗೆ ಒರಗಿದಳು. ಬೈಯುತ್ತಾಳೆ, ಇಲ್ಲವೇ ಹೋಗಲಿ ಬಿಡ್ರಿ ಎನ್ನುತ್ತಾಳೆ. ಎರಡರಲ್ಲಿ ಒಂದಕ್ಕೆ ನಾನು ಸಿದ್ಧನಾಗಿ ಬಂದಿದ್ದೆ. ಎರಡೂ ಆಗಲಿಲ್ಲ.

“ದಿನಾ ಮುಂಜಾನಿ ಈ ಬಟನ್ ಒತ್ತುವಾಗ ಅವರ ಆ ಮಾತ ನೆನಸ್ಕೊಂತಿದ್ದೆ,” ಅಂದಳು. “ಆಕಿ ನಡಸ್ತಾಳ ಅಂದಿದ್ರಂತ. ಅದರ ಮ್ಯಾಲೇ ನಡಸ್ಲತಿದ್ದೆ. ನೀವ್ ಹೇಳಿ ಹಗುರಾದ್ರಿ. ನಾ ಏನ್ ಮಾಡ್ಲಿ ಈಗ?”

ಬಸ್ಸಿನಲ್ಲಿ ಬರುವಾಗ ನನ್ನ ಎದೆಯ ಭಾರವನ್ನಷ್ಟೇ ಯೋಚಿಸಿದ್ದೆ. ಅವಳ ಹತ್ತಿರವಿದ್ದದ್ದು ಅದೊಂದೇ ಮಾತು, ಅದನ್ನು ಕಿತ್ತುಕೊಳ್ಳಲು ಹೊರಟಿದ್ದೇನೆ ಎಂದು ಹೊಳೆದಿರಲಿಲ್ಲ. ಮಾರಿಬಿಡು ಎನ್ನಲೇ? ನಡೆಸು ಎನ್ನಲೇ? ಯಾವುದನ್ನು ಹೇಳಲಿಕ್ಕೂ ನಾನು ಯಾರು?

ಹೊರಗೆ ಬೈಕ್ ನಿಂತ ಸದ್ದಾಯಿತು. ಅವಳು ತಟ್ಟನೆ ನೆಟ್ಟಗಾದಳು.

“ನಮ್ಮ ಮೈದುನನ ಮುಂದ ಇದನ್ನ ಅನ್ನಬ್ಯಾಡ್ರಿ,” ಎಂದಳು ಸಣ್ಣ ದನಿಯಲ್ಲಿ. “ಮತ್ತ ಟೆಂಪೊ ತರ್ತಾನ. ನಾ ಇದನ್ನ ಬಿಡಂಗಿಲ್ಲ. ಮನ್ಯಾಗ ಒಬ್ಬಾಕಿ ಕುಂತ್ರ ಗ್ವಾಡಿ ತಿನ್ಲಕ್ಕ ಬರ್ತಾವ. ಇಲ್ಲಿ ನಾಕ್ ಮಂದಿ ಬರ್ತಾರ.”

ಮೈದುನ ಒಳಗೆ ಬಂದು ನನಗೆ ಕೈ ಮುಗಿದ. ಅವಳ ಕೆಮ್ಮು ಕೇಳಿ ಮುಖ ಸಣ್ಣದು ಮಾಡಿದ.

“ಛಲೋ ಆತು ನೀವ್ ಸಿಕ್ಕಿದ್ದು, ಡ್ರೈವರ್ ಸಾಬ್. ನೋಡ್ರಿ, ವೈನಿ ಹ್ಯಾಂಗ ಕೆಮ್ಮಲತ್ತಾರ. ಹಿಟ್ಟೆಲ್ಲಾ ಎದಿಯಾಗ ಹೋಗ್ಲತ್ತದ. ಮಾರ್ರಿ ಅಂದ್ರ ಅಣ್ಣನ ಮಾತು ಅಂತಾರ. ನೀವರ ನೆನಪ ಮಾಡಿ ಬರಾಬರಿ ಹೇಳ್ರಿ. ಅಣ್ಣ ಖರೇ ಹಂಗ ಅಂದಿದ್ನಾ?”

ಅವನು ಕೇಳಿದ್ದು ಅವಳ ಮೇಲಿನ ಕಾಳಜಿಯಿಂದ. ಅವನ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಡಬ್ಬಿಯೊಳಗೆ ಕೈಯಿಟ್ಟು ಜೋಳದಲ್ಲಿ ಕಲ್ಲು ಹುಡುಕುತ್ತಿದ್ದಳು.

“ಅಂದಿದ್ದ,” ಎಂದೆ. “ಮಾರಬ್ಯಾಡ ಅಂದಿದ್ದ.”

ಸುಳ್ಳನ್ನು ಒಪ್ಪಿಕೊಳ್ಳಲು ಹೋದವನು ಅದೇ ಹೊಸ್ತಿಲಲ್ಲಿ ಅದೇ ಸುಳ್ಳನ್ನು ಎರಡನೆಯ ಸಲ ಆಡಿದೆ. ಮೊದಲ ಸಲ ಅವಳು ನಂಬಿ ನೆಲಕ್ಕೆ ಕುಸಿದಿದ್ದಳು. ಈ ಸಲ ತಲೆಯೆತ್ತಿ ಮೈದುನನ ಕಡೆ ನೋಡಿದಳು.

“ಕೇಳ್ದ್ಯಾ?” ಎಂದಳು. “ಇನ್ನ ಆ ಮಾತು ಎತ್ತಬ್ಯಾಡ ನೀ.”

ಧ್ವನಿ ಗಟ್ಟಿಯಾಗಿತ್ತು, ಸಂಶಯಕ್ಕೆ ಎಡೆಯಿರಲಿಲ್ಲ. ಅವನು ನಂಬಿದ. ನಾನು ಕಂಡಂತೆ ಆ ಹೆಣ್ಣುಮಗಳು ಎಂದೂ ಸುಳ್ಳಾಡಿದವಳಲ್ಲ. ಅಂದು ಆಡಿದಳು. ಅವಳಿಗೆ ಅದನ್ನು ಆಡಲು ಕೊಟ್ಟವನು ನಾನು.